ಸೋಮವಾರ ಬೆಳಿಗ್ಗೆಯ ಕೋರ್ಟು: ಗ್ಲಾಸ್ಗೋದಿಂದ ಓದುಗರಿಗೆ ಉತ್ತರ

ಎರಡು ತಿಂಗಳ ಹಿಂದೆ ಈ ಪತ್ರಿಕೆಯಲ್ಲಿ ನನ್ನದೊಂದು ಪುಟ್ಟ ಬರಹ ಬಂದಿತ್ತು. ಸಾಗರದ ಕೋರ್ಟಿನಲ್ಲಿ ನಾಲ್ಕು ವರ್ಷ ವಕೀಲಿ ಮಾಡಿದವಳು ಗ್ಲಾಸ್ಗೋಗೆ ಬಂದು ಮತ್ತೆ ವಿದ್ಯಾರ್ಥಿನಿಯಾಗಿ, ಮತ್ತೆ ವಕೀಲಳಾದ ಕತೆ ಅದು. ಅದನ್ನು ಓದಿ ಬಂದ ಪತ್ರಗಳ ಕಟ್ಟನ್ನೇ ಸಂಪಾದಕರು ನನಗೆ ಕಳಿಸಿದ್ದಾರೆ. ಎಲ್ಲಕ್ಕೂ ಉತ್ತರಿಸಲು ಜಾಗವಿಲ್ಲ. ಕೆಲವನ್ನು ಆರಿಸಿಕೊಂಡಿದ್ದೇನೆ.

ಅದಕ್ಕೆ ಮೊದಲು ಒಂದು ಮಾತು. ಅರ್ಧಕ್ಕರ್ಧ ಪತ್ರಗಳು "ನಿಮ್ಮ ಇಂಗ್ಲೆಂಡಿನ ಕಾನೂನಿನಲ್ಲಿ" ಅಂತಲೇ ಶುರುವಾಗಿವೆ. ಇದು ಇಂಗ್ಲೆಂಡಲ್ಲ, ಸ್ಕಾಟ್ಲೆಂಡು. 1707ರಲ್ಲಿ ಎರಡೂ ದೇಶ ಸೇರಿ ಒಂದೇ ಪಾರ್ಲಿಮೆಂಟು ಮಾಡಿಕೊಂಡವು. ಆದರೆ ತನ್ನ ಕೋರ್ಟು, ತನ್ನ ಕಾನೂನು ತನ್ನದಾಗಿಯೇ ಇರಬೇಕು ಅಂತ ಸ್ಕಾಟ್ಲೆಂಡು ಒಪ್ಪಂದದಲ್ಲೇ ಬರೆಸಿಕೊಂಡಿತು. ಲಂಡನ್ನಿನ ಸಾಲಿಸಿಟರ್, ಅಂದರೆ ವಕೀಲ, ಅಲ್ಲಿಯ ಪರವಾನಗಿ ಹಿಡಿದುಕೊಂಡು ಬಂದು ಗ್ಲಾಸ್ಗೋ ಕೋರ್ಟಿನಲ್ಲಿ ನಿಲ್ಲುವ ಹಾಗಿಲ್ಲ. ನಾನೂ ಅಲ್ಲಿಗೆ ಹೋಗಿ ನಿಲ್ಲುವ ಹಾಗಿಲ್ಲ. ಇಲ್ಲಿಯ ವಕೀಲರ ಎದುರು ಇಂಗ್ಲೆಂಡ್ ಅಂದರೆ, ಬೆಳಗಾವಿಯವರನ್ನು "ನೀವು ಮಹಾರಾಷ್ಟ್ರದವರಾ?" ಅಂತ ಕೇಳಿದ ಹಾಗೆ.

ಸ್ಕಾಟ್ಲೆಂಡಿನಲ್ಲಿ ತಪ್ಪಿತಸ್ಥ, ತಪ್ಪಿತಸ್ಥನಲ್ಲ ಎಂಬ ಎರಡರ ಜೊತೆ ಮೂರನೇ ತೀರ್ಪೂ ಇದೆ ಎಂದು ಮೊಮ್ಮಗ ಹೇಳಿದ. ನಂಬಲಾಗಲಿಲ್ಲ. ನಿಜವೇ?
ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ

ಮೇಷ್ಟ್ರೇ, ಮೊಮ್ಮಗ ಹೇಳಿದ್ದು ನಿಜ. ಆದರೆ ಸ್ವಲ್ಪ ತಡವಾಗಿ ಹೇಳಿದ್ದಾನೆ. 2026ರ ಜನವರಿ 1ರಿಂದ ಶುರುವಾದ ವಿಚಾರಣೆಗಳಲ್ಲಿ ಆ ಮೂರನೆಯದು ಇಲ್ಲ.

ಅದರ ಹೆಸರು 'ನಾಟ್ ಪ್ರೂವನ್', ಅಂದರೆ 'ಸಾಬೀತಾಗಿಲ್ಲ'. ಹಾಗಂದರೆ ಆರೋಪಿ ಬಿಡುಗಡೆ. 'ತಪ್ಪಿತಸ್ಥನಲ್ಲ' ಅಂದರೂ ಬಿಡುಗಡೆ. ಕಾನೂನಿನ ಕಣ್ಣಲ್ಲಿ ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹಾಗಾದರೆ ಎರಡು ಯಾಕೆ ಅಂತ ನೀವು ಕೇಳುತ್ತೀರಿ. ನಾನೂ ಕ್ಲಾಸಿನಲ್ಲಿ ಕೇಳಿದ್ದೆ. ನಮ್ಮ ಪ್ರೊಫೆಸರ್ ನಕ್ಕು, ಜಡ್ಜುಗಳೇ ಜ್ಯೂರಿಗೆ (ತೀರ್ಪು ಹೇಳಲು ಆರಿಸಿ ಕೂರಿಸಿದ ಸಾಮಾನ್ಯ ಜನರಿಗೆ) ಆ ವ್ಯತ್ಯಾಸ ವಿವರಿಸೋಕೆ ಹೋಗಲ್ಲ, ನಾನೆಲ್ಲಿಂದ ಹೇಳಲಿ ಅಂದರು.

ಹಿಂದಿನ ಕತೆ ಹೀಗಿದೆ. ಹದಿನೇಳನೇ ಶತಮಾನದಲ್ಲಿ ಇಲ್ಲಿಯ ಜ್ಯೂರಿಯವರು ತಪ್ಪು ಯಾರದ್ದು ಅಂತ ಹೇಳುವ ಹಾಗಿರಲಿಲ್ಲ. ಇಂಥ ಸಂಗತಿ ಸಾಬೀತಾಗಿದೆ, ಇಂಥದ್ದು ಆಗಿಲ್ಲ, ಅಷ್ಟೇ. ಉಳಿದದ್ದು ಜಡ್ಜಿನ ಕೆಲಸ. 1728ರಲ್ಲಿ ಫಿನ್‌ಹೇವನ್ನಿನ ಕಾರ್ನೆಗಿ ಎಂಬ ಜಮೀನ್ದಾರನ ವಿಚಾರಣೆ ಬಂತು. ಶವಸಂಸ್ಕಾರ ಮುಗಿಸಿ ಎಲ್ಲರೂ ಕುಡಿದಿದ್ದರು. ಒಬ್ಬ ಇವನನ್ನು ಚರಂಡಿಗೆ ನೂಕಿದ. ಇವನು ಎದ್ದು ಕತ್ತಿ ಹಿರಿದು ಅವನ ಮೇಲೆ ನುಗ್ಗಿದ. ನಡುವೆ ಬಂದ ಸ್ಟ್ರಾತ್‌ಮೋರಿನ ಅರ್ಲ್ ಎಂಬ ಬಿರುದಿನ ದೊಡ್ಡ ಮನುಷ್ಯ ಸತ್ತುಹೋದ. ತಿವಿದದ್ದು ಎಲ್ಲರೂ ನೋಡಿದ್ದೇ. 'ಸಾಬೀತಾಗಿದೆ' ಅಂದರೆ ನೇಣು. ಅವನ ವಕೀಲ ರಾಬರ್ಟ್ ಡಂಡಾಸ್ ಎದ್ದು ನಿಂತು, ತಪ್ಪಿತಸ್ಥನೋ ಅಲ್ಲವೋ ಅಂತ ಹೇಳುವ ಹಕ್ಕೇ ನಿಮಗಿದೆ ಅಂತ ಜ್ಯೂರಿಗೆ ಮನದಟ್ಟು ಮಾಡಿದ. ಅವರು 'ತಪ್ಪಿತಸ್ಥನಲ್ಲ' ಅಂದರು. ಆಮೇಲೆ ಆ ಮಾತೇ ಚಾಲ್ತಿಗೆ ಬಂತು. ಹಳೆಯದು ಮಾತ್ರ ಹೋಗಲಿಲ್ಲ. ಹೊಸ ಚಪ್ಪಲಿ ತಂದ ಮೇಲೂ ಹಳೆಯದು ಜಗಲಿ ಮೂಲೆಯಲ್ಲೇ ಉಳಿಯುತ್ತದಲ್ಲ, ಹಾಗೆ ಉಳಿದುಕೊಂಡಿತು.

1857ರಲ್ಲಿ ಗ್ಲಾಸ್ಗೋದ ಮ್ಯಾಡಲಿನ್ ಸ್ಮಿತ್ ಎಂಬ ಹುಡುಗಿ ಪ್ರಿಯಕರನಿಗೆ ಪಾಷಾಣ ಹಾಕಿದಳು ಎಂಬ ಆರೋಪ ಬಂದಾಗಲೂ ಜ್ಯೂರಿ 'ಸಾಬೀತಾಗಿಲ್ಲ' ಅಂದಿತ್ತು. ಅವಳ ಮನೆಯಿದ್ದ ಬ್ಲೈತ್ಸ್‌ವುಡ್ ಚೌಕದ ಮೇಲೆ ನಾನು ವಾರಕ್ಕೆರಡು ಸಲ ನಡೆದು ಹೋಗುತ್ತೇನೆ. ಇವತ್ತಿಗೂ ಅವಳೇ ಕೊಂದಳೋ ಇಲ್ಲವೋ ಅಂತ ಇಲ್ಲಿಯವರು ವಾದಿಸುತ್ತಾರೆ. ವಾಲ್ಟರ್ ಸ್ಕಾಟ್ ಕಾದಂಬರಿಕಾರ ಅಂತ ನಿಮಗೆ ಗೊತ್ತು. ಅವನು ವಕೀಲನೂ ಹೌದು, ಸೆಲ್ಕರ್ಕ್‌ನಲ್ಲಿ ಶೆರಿಫ್, ಅಂದರೆ ಜಡ್ಜೂ ಆಗಿದ್ದ. ಈ ತೀರ್ಪಿಗೆ ತಂದೆ ಗೊತ್ತಿಲ್ಲದ ಕೂಸು ಎಂಬರ್ಥದ ಬೈಗುಳವನ್ನೇ ಅವನು ಇಟ್ಟಿದ್ದ.

ನನ್ನ ಅನುಭವ ಕೇಳಿ. ಒಬ್ಬ ಕಕ್ಷಿದಾರನಿಗೆ ಈ ತೀರ್ಪು ಬಂದಾಗ ಅವನು ಕಟಕಟೆಯಿಂದಲೇ ನನ್ನ ಕಡೆ ತಿರುಗಿ, "ಹಾಗಾದರೆ ನಾನು ಹೋಗಬಹುದಾ?" ಅಂತ ಬಾಯಲ್ಲಿ ಶಬ್ದ ಬರದ ಹಾಗೆ ಕೇಳಿದ. ಹೋಗಬಹುದು ಅಂದೆ. ಹೋದ. ಆದರೆ ಅವನ ಓಣಿಯವರ ಲೆಕ್ಕದಲ್ಲಿ ಅವನು ಪೂರ್ತಿ ಹೊರಗೆ ಬರಲೇ ಇಲ್ಲ. ಆ ಕಡೆ ದೂರು ಕೊಟ್ಟ ಹೆಂಗಸಿಗೂ ಸಮಾಧಾನವಿಲ್ಲ. "ನನ್ನ ಮಾತು ನಂಬಿದರಾ, ಇಲ್ಲವಾ?" ಅಂತ ಅವಳು ಸರ್ಕಾರಿ ವಕೀಲರನ್ನು ಕೇಳುತ್ತಿದ್ದದ್ದು ಕಾರಿಡಾರಿನಲ್ಲಿ ನನಗೆ ಕೇಳಿಸಿತು. ಇಬ್ಬರಿಗೂ ನ್ಯಾಯ ಸಿಕ್ಕ ಹಾಗಾಗಲಿಲ್ಲ. ನನ್ನ ಜೊತೆಯ ಎಷ್ಟೋ ವಕೀಲರಿಗೆ ಈ ತೀರ್ಪು ಹೋದದ್ದಕ್ಕೆ ಬೇಜಾರಿದೆ. ನನಗಿಲ್ಲ.

ಸುಮ್ನೆ ತೆಗೆದುಹಾಕಲಿಲ್ಲ ಅನ್ನುವುದನ್ನೂ ಹೇಳಬೇಕು. ಇಲ್ಲಿ ಜ್ಯೂರಿ ಅಂದರೆ 15 ಜನ. ಮೊದಲು 8 ಜನ ತಪ್ಪಿತಸ್ಥ ಅಂದರೆ ಸಾಕಿತ್ತು. ಈಗ 10 ಜನ ಅನ್ನಬೇಕು. ಅತ್ಯಾಚಾರದ ಕೇಸುಗಳನ್ನು ಜ್ಯೂರಿ ಇಲ್ಲದೆ ಬರೀ ಜಡ್ಜು ವಿಚಾರಣೆ ಮಾಡುವ ಪ್ರಯೋಗವೂ ಮೊದಲಿನ ಕರಡಿನಲ್ಲಿತ್ತು. ವಕೀಲರು ಗಟ್ಟಿಯಾಗಿ ವಿರೋಧಿಸಿದರು, ಸರ್ಕಾರ ಕೈಬಿಟ್ಟಿತು. ಲೈಂಗಿಕ ಅಪರಾಧಗಳಿಗೇ ಒಂದು ಪ್ರತ್ಯೇಕ ಕೋರ್ಟು ಬರಬೇಕು ಅಂತ, ಈ ಬದಲಾವಣೆಗಳನ್ನು ತಂದ 2025ರ ಕಾಯ್ದೆಯಲ್ಲೇ ಇದೆ.

ನನಗೆ ಕೇಳಿದರೆ ಇದಕ್ಕಿಂತ ದೊಡ್ಡ ಬದಲಾವಣೆ ಪೇಪರಿನವರ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲ. ಇಲ್ಲಿ ಒಬ್ಬರ ಮಾತಿನ ಮೇಲೆ ಯಾರಿಗೂ ಶಿಕ್ಷೆ ಕೊಡುವಂತಿಲ್ಲ. ಎರಡು ಕಡೆಯಿಂದ ಆಧಾರ ಬೇಕು. ನಮ್ಮಲ್ಲಿ ಸಾಕ್ಷಿಗಳ ಸಂಖ್ಯೆ ಇಷ್ಟೇ ಇರಬೇಕು ಅಂತಿಲ್ಲ ಎಂದು ಸಾಕ್ಷ್ಯ ಕಾಯ್ದೆಯೇ ಹೇಳುತ್ತದೆ, ಹಾಗಾಗಿ ಇಲ್ಲಿಯ ನಿಯಮ ನನಗೆ ಮೊದಮೊದಲು ವಿಚಿತ್ರ ಅನಿಸಿತ್ತು. ನಾಲ್ಕು ಗೋಡೆಯ ನಡುವೆ ನಡೆದ ಅತ್ಯಾಚಾರಕ್ಕೆ ಎರಡನೇ ಸಾಕ್ಷಿ ಎಲ್ಲಿಂದ ಬರಬೇಕು? 2024ರ ಅಕ್ಟೋಬರಿನಲ್ಲಿ ಒಂಬತ್ತು ಜಡ್ಜುಗಳ ಪೀಠ ಕೂತು 1938ರ ಹಳೆಯ ತೀರ್ಪನ್ನು ಬದಿಗಿಟ್ಟಿತು. ಘಟನೆಯಾದ ಕೂಡಲೇ ದೂರು ಕೊಟ್ಟ ಹೆಂಗಸು ಬೇರೊಬ್ಬರ ಹತ್ತಿರ ಹೇಳಿಕೊಂಡ ಮಾತೂ ಎರಡನೇ ಆಧಾರ ಆಗಬಹುದು ಅಂತ ಹೇಳಿತು. ಆರೋಪಿ ಪರ ನಿಲ್ಲುವವಳಾಗಿ ಇದು ನನ್ನ ಕೆಲಸವನ್ನು ಕಷ್ಟ ಮಾಡಿದೆ. ಹೆಂಗಸಾಗಿ ಓದಿದಾಗ ತಪ್ಪು ಅನ್ನಿಸಲಿಲ್ಲ. ಎರಡೂ ನಿಜ.

ಶೆರಿಫ್ ಅಂದರೆ ಕುದುರೆ ಮೇಲೆ ಬರುವ ಪೊಲೀಸ್ ಅಲ್ಲವೇ?
ಓದುಗರು, ಹಾವೇರಿ

ಆ ಕುದುರೆಯ ಶೆರಿಫ್ ಅಮೆರಿಕದವನು. ಇಲ್ಲಿ ಶೆರಿಫ್ ಅಂದರೆ ಜಡ್ಜು. ನಮ್ಮ ಜಿಲ್ಲಾ ಕೋರ್ಟಿನ ಹಾಗೆ ಅವರದ್ದು ಶೆರಿಫ್ ಕೋರ್ಟು. ಜ್ಯೂರಿ ಕೂತರೆ ಐದು ವರ್ಷದವರೆಗೆ ಜೈಲು ಕೊಡಬಹುದು. 1,00,000 ಪೌಂಡಿನವರೆಗಿನ ಸಿವಿಲ್ ದಾವೆ ಅಲ್ಲೇ ಹಾಕಬೇಕು. ಕುದುರೆ ಇಲ್ಲ. ವಿಗ್ ಇದೆ.

ನಮ್ಮ ಮೊದಲ ವರ್ಷದ ಟಾರ್ಟ್ಸ್ ಪಾಠದಲ್ಲಿ ಬಸವನಹುಳುವಿನ ಕೇಸು ಬರುತ್ತದೆ. ಅದು ನಿಮ್ಮ ಊರಿನದ್ದಂತೆ. ಆ ಹೋಟೆಲು ಈಗಲೂ ಇದೆಯಾ ಮ್ಯಾಡಮ್?
ಕಾನೂನು ವಿದ್ಯಾರ್ಥಿನಿ, ಧಾರವಾಡ

ನಮ್ಮೂರ ಪಕ್ಕದ್ದು. ಗ್ಲಾಸ್ಗೋದಿಂದ ರೈಲಿನಲ್ಲಿ ಹದಿನೈದು ನಿಮಿಷ ಹೋದರೆ ಪೇಸ್ಲಿ. ಅಲ್ಲಿಯ ವೆಲ್‌ಮೆಡೋ ಬೀದಿಯಲ್ಲಿ ಆ ಕೆಫೆ ಇತ್ತು. ಈಗ ಹೋಟೆಲಿಲ್ಲ. ನೆನಪಿಗೊಂದು ಕಲ್ಲು, ಕೂರಲು ಬೆಂಚು ಇದೆ. ಬೆಂಗಳೂರಿನಲ್ಲಿ ಈ ಕೇಸನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದವಳು ನಾನು. ಮೊದಲ ಸಲ ಆ ಬೆಂಚಿನ ಮೇಲೆ ಕೂತಾಗ ಯಾಕೋ ನಗು ಬಂತು. ಜಿಟಿಜಿಟಿ ಮಳೆ ಬೇರೆ. ಬಸವನಹುಳುವಿಗೆ ಹೇಳಿ ಮಾಡಿಸಿದ ಊರು.

ಒಬ್ಬರ ತಪ್ಪಿನಿಂದ ಇನ್ನೊಬ್ಬರಿಗಾದ ನಷ್ಟಕ್ಕೆ ಪರಿಹಾರ ಕೇಳುವುದನ್ನು ಪರೀಕ್ಷೆಗೆ ಬರೆಯುವಾಗ ನೀವು ಟಾರ್ಟ್ ಅನ್ನುತ್ತೀರಿ. ಇಲ್ಲಿ ಡೆಲಿಕ್ಟ್ ಅಂತಾರೆ. ಕತೆ ನಿಮಗೆ ಗೊತ್ತು. 1928ರ ಆಗಸ್ಟ್ 26ರ ರಾತ್ರಿ ಮೇ ಡಾನಹ್ಯೂ ಎಂಬಾಕೆಗೆ ಗೆಳತಿ ಐಸ್‌ಕ್ರೀಮಿನ ಮೇಲೆ ಸುರಿದುಕೊಳ್ಳುವ ಶುಂಠಿ ಬಿಯರ್ ಕೊಡಿಸಿದಳು. ಒಳಗಿನದು ಕಾಣದ ಕಡು ಬಣ್ಣದ ಬಾಟಲಿ. ಅರ್ಧ ಕುಡಿದ ಮೇಲೆ ಉಳಿದದ್ದು ಸುರಿದರೆ ಕೊಳೆತ ಹುಳು ಬಿತ್ತು ಅಂತ ದಾವೆ. ದುಡ್ಡು ಕೊಟ್ಟವಳು ಗೆಳತಿ, ಹಾಗಾಗಿ ಇವಳಿಗೂ ಅಂಗಡಿಯವನಿಗೂ ಕರಾರಿಲ್ಲ. ತಯಾರಿಸಿದವನೇ ನೇರ ಹೊಣೆ ಹೊರಬೇಕು ಅಂತ 1932ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ನ ಜಡ್ಜುಗಳಲ್ಲಿ ಮೂವರು ಅಂದರು, ಇಬ್ಬರು ಬೇಡ ಅಂದರು.

ಪಾಠದ ಪುಸ್ತಕದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಎರಡು ಸಂಗತಿ ಹೇಳುತ್ತೇನೆ. ಆ ಬಾಟಲಿಯಲ್ಲಿ ಹುಳು ಇತ್ತೋ ಇಲ್ಲವೋ ಅಂತ ಯಾವ ಕೋರ್ಟೂ ತೀರ್ಮಾನ ಮಾಡಲಿಲ್ಲ. ಇತ್ತು ಅಂತಿಟ್ಟುಕೊಂಡರೆ ಕಾನೂನು ಏನು ಹೇಳುತ್ತದೆ ಅನ್ನುವುದಷ್ಟೇ ಪ್ರಶ್ನೆಯಾಗಿತ್ತು. ಸಾಕ್ಷಿ ವಿಚಾರಣೆಗೆ ಬರುವ ಮೊದಲೇ ರಾಜಿಯಾಯಿತು. ಇನ್ನೊಂದು, ಆಕೆಯ ವಕೀಲ ವಾಲ್ಟರ್ ಲೀಚ್‌ಮನ್ ಗ್ಲಾಸ್ಗೋದ ಸಾಲಿಸಿಟರ್. ಅದಕ್ಕೆ ಸ್ವಲ್ಪ ಮೊದಲಷ್ಟೇ ಶುಂಠಿ ಬಿಯರಿನಲ್ಲಿ ಇಲಿ ಸಿಕ್ಕ ಕೇಸನ್ನು ಅವನು ಸೋತಿದ್ದ. 1929ರ ಮಾರ್ಚಿನಲ್ಲಿ ಆ ತೀರ್ಪು ಬಂತು, ಏಪ್ರಿಲ್ಲಿನಲ್ಲಿ ಹುಳುವಿನ ದಾವೆ ಹಾಕಿಯೇಬಿಟ್ಟ! ಆಕೆಯ ಹತ್ತಿರ ಕಾಸಿರಲಿಲ್ಲ. ಮೈಮೇಲಿನ ಬಟ್ಟೆ ಬಿಟ್ಟರೆ ಐದು ಪೌಂಡು ಬೆಲೆಬಾಳುವ ಆಸ್ತಿಯೂ ತನಗಿಲ್ಲ ಅಂತ ಮೇಲಿನ ಕೋರ್ಟಿಗೆ ಬರೆದುಕೊಟ್ಟು, ಬಡವಳು ಅಂತ ಘೋಷಿಸಿಕೊಂಡು ಮುಂದುವರಿದಳು. ಸೋತ ಕೇಸನ್ನೇ ಮತ್ತೆ ಎತ್ತಿಕೊಳ್ಳುವ ಹಟಮಾರಿ ವಕೀಲ ಸಿಗದಿದ್ದರೆ ನಿಮ್ಮ ಸಿಲೆಬಸ್ಸಿನಲ್ಲಿ ಈ ಪಾಠವೇ ಇರುತ್ತಿರಲಿಲ್ಲವೇನೋ.

ಬೆಂಗಳೂರಿನಲ್ಲಿ ಎಲ್‌ಎಲ್‌ಬಿ ಮಾಡಿ ಮೂರು ವರ್ಷ ಪ್ರಾಕ್ಟೀಸ್ ಮಾಡಿದ್ದೇನೆ. ಪತಿಗೆ ಎಡಿನ್‌ಬರೋದಲ್ಲಿ ಕೆಲಸ ಸಿಕ್ಕಿದೆ. ನಾನು ಅಲ್ಲಿ ವಕೀಲಳಾಗಬಹುದೇ? ನಿಜ ಹೇಳಿ.
ವಕೀಲೆ, ರಾಜಾಜಿನಗರ

ಆಗಬಹುದು. ನಿಜ ಹೇಳಿ ಅಂದಿದ್ದೀರಿ, ಹಾಗಾಗಿ ಕಷ್ಟವನ್ನೂ ಹೇಳುತ್ತೇನೆ.

ಇಲ್ಲಿಯ ಮಕ್ಕಳ ದಾರಿ ಹೀಗೆ. ನಾಲ್ಕು ವರ್ಷದ ಎಲ್‌ಎಲ್‌ಬಿ, ಆಮೇಲೆ ಕಚೇರಿ ಕೆಲಸ ಕಲಿಸುವ ಒಂದು ಡಿಪ್ಲೊಮಾ, ಆಮೇಲೆ ಯಾವುದಾದರೂ ವಕೀಲರ ಕಚೇರಿಯಲ್ಲಿ ಎರಡು ವರ್ಷದ ಟ್ರೇನಿಶಿಪ್. ಬೇರೆ ಪದವಿ ಇದ್ದವರು ಎಲ್‌ಎಲ್‌ಬಿಯನ್ನು ಎರಡು ವರ್ಷದಲ್ಲಿ ಮುಗಿಸಬಹುದು. ನಾನು 2010ರಲ್ಲಿ ಬಂದವಳು ಈ ಉದ್ದದ ದಾರಿಯನ್ನೇ ಹಿಡಿದೆ. ಒಟ್ಟು ಐದು ವರ್ಷ ಹೋಯಿತು. ನಮ್ಮ ಬ್ಯಾಚಿನಲ್ಲಿ ಟ್ರೇನಿಗಳಿಗೆ ಇಪ್ಪತ್ಮೂರು, ಇಪ್ಪತ್ನಾಲ್ಕು. ನನಗೆ ಮೂವತ್ತೆರಡು, ಜೊತೆಗೆ ಮನೆಯಲ್ಲಿ ಎರಡು ವರ್ಷದ ಮಗ.

ನೀವು ಅಷ್ಟು ಸುತ್ತಬೇಕಾಗಿಲ್ಲದಿರಬಹುದು. ಬೇರೆ ದೇಶದಲ್ಲಿ ಈಗಾಗಲೇ ವಕೀಲರಾದವರಿಗೆ ಲಾ ಸೊಸೈಟಿ ಆಫ್ ಸ್ಕಾಟ್ಲೆಂಡ್ ಒಂದು ಪರೀಕ್ಷೆ ನಡೆಸುತ್ತದೆ. ಕ್ವಾಲಿಫೈಡ್ ಲಾಯರ್ಸ್ ಅಸೆಸ್‌ಮೆಂಟ್ ಅಂತ ಹೆಸರು. ಮೊದಲು ನಿಮ್ಮ ಪದವಿ, ಸನ್ನದು, ಕೆಲಸ ಮಾಡಿದ ದಾಖಲೆ ಎಲ್ಲ ಅವರಿಗೆ ಕಳಿಸಿ, ಯಾವ ಯಾವ ವಿಷಯ ಬರೆಯಬೇಕು ಅಂತ ಬರಹದಲ್ಲೇ ಕೇಳಿ. ಬೆಂಗಳೂರು ಬಿಡುವ ಮೊದಲೇ ಬಾರ್ ಕೌನ್ಸಿಲ್ಲಿನಿಂದ ನಡತೆಯ ಪ್ರಮಾಣಪತ್ರ ತೆಗೆದಿಟ್ಟುಕೊಳ್ಳಿ. ನಾನು ಅದಕ್ಕೇ ಆರು ತಿಂಗಳು ಅಲೆದೆ.

ಓದುವಾಗ ಕಷ್ಟವಾಗುವುದು ಆಸ್ತಿ ಕಾನೂನು. ನಮ್ಮ ಒಪ್ಪಂದ, ಅಪರಾಧ ಇವೆಲ್ಲ ಇಂಗ್ಲಿಷರ ಅಚ್ಚಿನವು. ಸ್ಕಾಟರ ಆಸ್ತಿ ಕಾನೂನಿಗೆ ರೋಮನ್ ಬೇರು ಜಾಸ್ತಿ. ಮಾತೂ ಬೇರೆ. ವಾದಿ ಇಲ್ಲಿ 'ಪರ್ಸೂಅರ್', ಪ್ರತಿವಾದಿ 'ಡಿಫೆಂಡರ್'. ತಡೆಯಾಜ್ಞೆಗೆ 'ಇಂಟರ್‌ಡಿಕ್ಟ್'. ಜಡ್ಜು ತೀರ್ಪು ಕಾಯ್ದಿರಿಸಿದರೆ 'ಅವಿಜಾಂಡಮ್' ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ಯಾವುದೋ ಔಷಧದ ಹೆಸರು ಅಂದುಕೊಂಡಿದ್ದೆ.

ಪರೀಕ್ಷೆಗಿಂತ ಕಷ್ಟ ಕೆಲಸ ಸಿಗುವುದು. ಒಂದು ಕಚೇರಿಯ ಸಂದರ್ಶನದಲ್ಲಿ, ಸಾಗರದಲ್ಲಿ ನಾನು ನಡೆಸಿದ ಕೇಸುಗಳ ಬಗ್ಗೆ ಒಂದೂ ಪ್ರಶ್ನೆ ಬರಲಿಲ್ಲ. "ಫೋನಿನಲ್ಲಿ ಗ್ಲಾಸ್ಗೋದವರ ಮಾತು ನಿಮಗೆ ಅರ್ಥವಾಗುತ್ತದಾ?" ಅಂತ ಎರಡು ಸಲ ಕೇಳಿದರು. ಕೆಲಸ ಕೊಡಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಆಗ ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಈಗ ಕಕ್ಷಿದಾರರಿಗೆ ನನ್ನ ಇಂಗ್ಲಿಷೇ ಗ್ಲಾಸ್ಗೋದ್ದು ಅನ್ನಿಸುತ್ತದಂತೆ.

ಹಳೆಯ ಅನುಭವ ದಂಡ ಅಂದುಕೊಳ್ಳಬೇಡಿ. ಅಳುತ್ತಾ ಬಂದವರನ್ನು ಕೂರಿಸಿ ನೀರು ಕೊಟ್ಟು ಕತೆ ಕೇಳುವುದು, ಅದರಲ್ಲಿ ಕೋರ್ಟಿಗೆ ಬೇಕಾದ ನಾಲ್ಕು ಸಾಲು ಹೆಕ್ಕುವುದು, ಇದನ್ನು ಯಾವ ಡಿಪ್ಲೊಮಾವೂ ಕಲಿಸಲ್ಲ. ನಿಮಗೆ ಮೂರು ವರ್ಷದಲ್ಲಿ ಬಂದಿರುತ್ತದೆ.

ಸಾಲಿಸಿಟರ್, ಅಡ್ವೊಕೇಟ್ ಬೇರೆ ಬೇರೆಯೇ? ಅಲ್ಲಿಯ ಜೂನಿಯರ್ ವಕೀಲರಿಗೆ 'ಡೆವಿಲ್' ಅನ್ನುತ್ತಾರಂತೆ, ತಮಾಷೆಯೇ?
ವಕೀಲರು, ಚಿತ್ರದುರ್ಗ

ತಮಾಷೆಯಲ್ಲ ಸರ್, ಅಧಿಕೃತ ಹೆಸರೇ ಅದು. ಸಾಲಿಸಿಟರ್ ಕಕ್ಷಿದಾರನನ್ನು ನೋಡುತ್ತಾನೆ, ಶೆರಿಫ್ ಕೋರ್ಟಿನಲ್ಲಿ ವಾದಿಸುತ್ತಾನೆ. ನಮ್ಮ ಹಾಗೆ ಸುಮಾರು 13,000 ಜನ ಇದ್ದೇವೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರು. ದೊಡ್ಡ ಕೋರ್ಟಿನಲ್ಲಿ ವಾದಿಸುವ ಅಡ್ವೊಕೇಟರು ಬೇರೆ. ಕೆಲವೇ ನೂರು ಜನ. ಅಡ್ವೊಕೇಟ್ ಆಗಲು ಹಿರಿಯರೊಬ್ಬರ ಹಿಂದೆ ತಿಂಗಳುಗಟ್ಟಲೆ ದುಡಿಯಬೇಕು. ಆ ಶಿಷ್ಯನೇ ಡೆವಿಲ್, ಗುರು ಡೆವಿಲ್‌ಮಾಸ್ಟರ್. ಸಂಬಳ ಇಲ್ಲ. ನಮ್ಮ ಸೀನಿಯರ್ ಆಫೀಸಿನ ಜೂನಿಯರ್ ನೆನಪಾದನಲ್ವಾ?

ಎಡಿನ್‌ಬರೋಗೆ ಬಂದರೆ ಪಾರ್ಲಿಮೆಂಟ್ ಹೌಸ್ ತಪ್ಪದೆ ನೋಡಿ. 1532ರಲ್ಲಿ ಶುರುವಾದ ಕೋರ್ಟ್ ಆಫ್ ಸೆಶನ್ ಈಗ ಕೂರುವುದು ಅಲ್ಲಿ. ಹಿಂದೆ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಸೇರುತ್ತಿದ್ದ ದೊಡ್ಡ ಹಾಲಿನಲ್ಲಿ ವಕೀಲರು ಇಬ್ಬಿಬ್ಬರಾಗಿ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇರುತ್ತಾರೆ. ನಿಂತು ಮಾತಾಡಿದರೆ ಪಕ್ಕದವರಿಗೆ ಕೇಳಿಸುತ್ತದೆ. ನಡೆಯುತ್ತಾ ಮಾತಾಡಿದರೆ ಯಾರ ಕಿವಿಗೂ ಪೂರ್ತಿ ಬೀಳಲ್ಲ. ಎಷ್ಟೋ ರಾಜಿ ಆ ನಡಿಗೆಯಲ್ಲೇ ಆಗುತ್ತವೆ.

ಮಗ ಎಡಿನ್‌ಬರೋದಲ್ಲಿ ಫ್ಲ್ಯಾಟ್ ಕೊಳ್ಳುತ್ತಿದ್ದಾನೆ. ವಕೀಲರೇ ಮನೆ ಮಾರುತ್ತಾರೆ, ವಕೀಲರೇ ಬೆಲೆ ಹೇಳುತ್ತಾರೆ ಅನ್ನುತ್ತಾನೆ. ಮೋಸವೇನೂ ಇಲ್ಲವಷ್ಟೇ?
ಗೃಹಿಣಿ, ಮೈಸೂರು

ಮೋಸವಲ್ಲ ಅಮ್ಮ. ಇಲ್ಲಿ ಮನೆ ಮಾರಾಟದ ಕೆಲಸವನ್ನು ಸಾಲಿಸಿಟರುಗಳೇ ಮಾಡುವ ರೂಢಿ ಹಳೆಯದು. ಕೊಳ್ಳುವವನ ಪರವಾಗಿ ಬೆಲೆಯ ಪತ್ರ ಹೋಗುವುದೂ ವಕೀಲರ ಕೈಯಿಂದಲೇ. 'ಇಷ್ಟರ ಮೇಲೆ ಹೇಳಿ' ಅಂತ ಬೋರ್ಡು ಹಾಕುತ್ತಾರೆ. ಒಂದು ದಿನ ಗೊತ್ತುಮಾಡಿ, ಮುಚ್ಚಿದ ಲಕೋಟೆಯ ಹರಾಜಿನ ಹಾಗೆ ಎಲ್ಲರ ಬೆಲೆಯನ್ನೂ ಒಟ್ಟಿಗೆ ನೋಡುತ್ತಾರೆ. ಮಾರುವವರೇ ಮನೆಯ ಸ್ಥಿತಿಯ ವರದಿ ಮಾಡಿಸಿ ಮೊದಲೇ ಕೊಡಬೇಕು. ಎರಡೂ ಕಡೆಯ ವಕೀಲರು 'ಮಿಸ್ಸಿವ್ಸ್' ಅನ್ನುವ ಪತ್ರಗಳನ್ನು ಅದಲು ಬದಲು ಮಾಡಿಕೊಂಡು ಮುಗಿಸಿದರೆ ಕರಾರು ಆಯಿತು. ಆಮೇಲೆ ಹಿಂದೆ ಸರಿಯುವ ಹಾಗಿಲ್ಲ.

ನಿಮಗೆ ಮುಖ್ಯವಾದ ಮಾತು ಬೇರೆ ಇದೆ. ಮೈಸೂರಿನ ಮನೆಯೇನಾದರೂ ಮಗನ ಹೆಸರಿನಲ್ಲಿದೆಯೇ? ಇದ್ದರೆ ಅವನು ಈಗಲೇ ತನ್ನ ವಕೀಲರಿಗೆ ಹೇಳಲಿ. ಇಲ್ಲಿ ಎರಡನೇ ಮನೆ ಕೊಳ್ಳುವವರಿಗೆ ಹೆಚ್ಚುವರಿ ತೆರಿಗೆ ಇದೆ. 2024ರ ಡಿಸೆಂಬರಿನಿಂದ ಅದು ಬೆಲೆಯ ನೂರಕ್ಕೆ 8. ಮೊದಲನೇ ಮನೆ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ. 2,00,000 ಪೌಂಡಿನ ಫ್ಲ್ಯಾಟಿಗೆ ಮಾಮೂಲಿ ತೆರಿಗೆ 1,100 ಪೌಂಡು. ಹೆಚ್ಚುವರಿಯದ್ದು ಸೇರಿದರೆ ಅದರ ಮೇಲೆ ಇನ್ನೂ 16,000. ಊರಿನ ಮನೆಯನ್ನು ಪ್ರೀತಿಯಿಂದ ಮಗನ ಹೆಸರಿಗೆ ಬರೆದ ಅಪ್ಪ ಅಮ್ಮ ಇದನ್ನು ಕೇಳಿ ಫೋನಿನಲ್ಲೇ ಸುಮ್ಮನಾದದ್ದನ್ನು ನಾನು ನೋಡಿದ್ದೇನೆ. ಬರೀ ಸೈಟು ಆದರೆ ಅದು ಮನೆಯಲ್ಲ, ಆ ಭಯವಿಲ್ಲ.

ಅಲ್ಲಿ ಯಾರು ಬೇಕಾದರೂ ಲಾಯರ್ ಅಂತ ಬೋರ್ಡು ಹಾಕಿಕೊಳ್ಳಬಹುದಂತೆ, ಹೌದೇ?
ಓದುಗರು, ಬಳ್ಳಾರಿ

ಹೆಚ್ಚುಕಡಿಮೆ ಹಾಗೇ ಇತ್ತು. ಸಾಲಿಸಿಟರ್, ಅಡ್ವೊಕೇಟ್ ಎಂಬ ಹೆಸರಿಗೆ ಕಾನೂನಿನ ಬೇಲಿ ಇತ್ತು, ಲಾಯರ್ ಅನ್ನುವ ಮಾತಿಗೆ ಇರಲಿಲ್ಲ. ಶಿಕ್ಷೆಯಾಗಿ ವೃತ್ತಿಯಿಂದ ಹೊರಬಿದ್ದ ಸಾಲಿಸಿಟರ್ ಕೂಡ ಮರುದಿನ ಲಾಯರ್ ಅಂತ ಹಾಕಿಕೊಂಡು ಸಲಹೆ ಕೊಡಬಹುದಿತ್ತು. 2025ರಲ್ಲಿ ಬಂದ ಕಾನೂನು ಸೇವೆಗಳ ಕಾಯ್ದೆ ಇದಕ್ಕೆ ಕಡಿವಾಣ ಹಾಕಿದೆ. ಜನರಿಗೆ ಮೋಸ ಮಾಡಲು ಆ ಹೆಸರು ಹಾಕಿಕೊಂಡರೆ ಅಪರಾಧ. ಒಬ್ಬೊಬ್ಬ ವಕೀಲರನ್ನಷ್ಟೇ ಅಲ್ಲದೆ ಇಡೀ ಕಚೇರಿಯನ್ನೇ ಹೊಣೆ ಮಾಡುವ ಏರ್ಪಾಡೂ ಅದರಲ್ಲಿದೆ. ಕಾಯ್ದೆ ಒಂದೇ ಸಲಕ್ಕೆ ಜಾರಿಗೆ ಬರುವಂಥದ್ದಲ್ಲ, ಹಂತ ಹಂತವಾಗಿ.

ಸುಳ್ಳು ತೀರ್ಪುಗಳನ್ನು ಹುಟ್ಟಿಸುವ ಎಐ ಬಗ್ಗೆ ಅಲ್ಲಿಯ ವಕೀಲರು ಏನನ್ನುತ್ತಾರೆ?
ವಕೀಲರು, ಕಲಬುರಗಿ

ನಮ್ಮ ಕರ್ನಾಟಕ ಹೈಕೋರ್ಟು 2025ರಲ್ಲಿ, ಇಲ್ಲದೇ ಇರುವ ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಬೆಂಗಳೂರಿನ ಕೆಳಗಿನ ಕೋರ್ಟೊಂದರ ಆದೇಶದಲ್ಲಿ ಉಲ್ಲೇಖಿಸಿದ್ದನ್ನು ಗಂಭೀರವಾಗಿ ತೆಗೆದುಕೊಂಡಿತಲ್ಲ, ಆ ಸುದ್ದಿಯನ್ನು ನಾನು ಇಲ್ಲಿಯ ಗೆಳೆಯರಿಗೆ ಓದಿ ಹೇಳಿದೆ. ಅದೇ ವರ್ಷ ಜೂನಿನಲ್ಲಿ ಲಂಡನ್ನಿನ ಹೈಕೋರ್ಟೂ ವಕೀಲರಿಗೆ ಇದೇ ವಿಷಯಕ್ಕೆ ಖಡಕ್ಕಾಗಿ ಎಚ್ಚರಿಕೆ ಕೊಟ್ಟಿತು. ನಾನು ಎಐಯನ್ನು ಪತ್ರದ ಕರಡಿಗೆ ಬಳಸಿ ನೋಡಿದ್ದೇನೆ. ತೀರ್ಪು ಹುಡುಕಲು ಬಳಸಲ್ಲ. ಕಕ್ಷಿದಾರನ ಹೆಸರು, ಊರು, ಕತೆ ಅದಕ್ಕೆ ತಿನ್ನಿಸುವುದಂತೂ ಇಲ್ಲವೇ ಇಲ್ಲ.

ಅಲ್ಲಿಯ ವಕೀಲರೂ ಕಲಾಪ ಬಹಿಷ್ಕಾರ ಮಾಡುತ್ತಾರೆಯೇ? ಬಡವರ ಕೇಸಿಗೆ ಸರ್ಕಾರ ಫೀಸು ಕೊಡುತ್ತದಂತೆ, ಸಾಕಾಗುತ್ತದೆಯೇ?
ವಕೀಲರು, ಹಾಸನ

ಸಾಕಾಗಲ್ಲ. ಬಹಿಷ್ಕಾರವೂ ಆಗಿದೆ.

2018ರಲ್ಲಿ ಕೌಟುಂಬಿಕ ದೌರ್ಜನ್ಯಕ್ಕೆ ಹೊಸ ಕಾಯ್ದೆ ಬಂತು. ಹೊಡೆತ ಒಂದೇ ಅಲ್ಲ, ಹೆಂಡತಿಯ ಫೋನು ತೆಗೆದಿಡುವುದು, ದುಡ್ಡು ಕೊಡದಿರುವುದು, ಗೆಳತಿಯರನ್ನು ದೂರ ಮಾಡುವುದು, ಹೀಗೆ ವರ್ಷಗಟ್ಟಲೆ ನಡೆದ ಹಿಂಸೆಯನ್ನೂ ಒಟ್ಟಾಗಿ ಅಪರಾಧ ಅಂತ ಮಾಡಿದರು. ಒಳ್ಳೆಯ ಕಾನೂನು. ಆದರೆ ಫೈಲು ನಾಲ್ಕು ಪಟ್ಟು ದಪ್ಪವಾಯಿತು. ನೂರಾರು ಮೆಸೇಜು ಓದಬೇಕು. ಫೀಸು ಮಾತ್ರ ಬೀದಿ ಜಗಳದ ಕೇಸಿಗೆ ಎಷ್ಟೋ ಅಷ್ಟೇ. 2022ರ ಮೇ ತಿಂಗಳಿನಿಂದ ನಮ್ಮಲ್ಲಿ ಅನೇಕರು ಈ ಕಾಯ್ದೆಯ ಹೊಸ ಕೇಸು ಹಿಡಿಯುವುದನ್ನು ನಿಲ್ಲಿಸಿದರು. ನಮ್ಮೂರ ಕಡೆಯ ಹಾಗೆ ಗೇಟಿನ ಮುಂದೆ ಕೂತು ಘೋಷಣೆ ಕೂಗಲಿಲ್ಲ. ಆ ಒಂದು ಬಗೆಯ ಕೇಸಿಗೆ ಫೋನು ಎತ್ತಲಿಲ್ಲ, ಅಷ್ಟೇ. ನಾನೂ ಎತ್ತಲಿಲ್ಲ. ಅದರಿಂದ ಕಾದವರು ಹೆಂಗಸರೇ ಅನ್ನುವುದು ಗೊತ್ತಿತ್ತು. ಇವತ್ತಿಗೂ ಅದು ಸರಿಯೋ ತಪ್ಪೋ ಅಂತ ಮನಸ್ಸಿನಲ್ಲಿ ತಕ್ಕಡಿ ಏರಿಳಿಯುತ್ತದೆ.

ನನ್ನ ಸೋಮವಾರ ಹೇಗಿರುತ್ತದೆ ಹೇಳುತ್ತೇನೆ. ಕ್ಲೈಡ್ ನದಿಯ ದಡದಲ್ಲಿ ಗ್ಲಾಸ್ಗೋ ಶೆರಿಫ್ ಕೋರ್ಟು. ಶುಕ್ರವಾರ ರಾತ್ರಿಯಿಂದ ಹಿಡಿದು ಒಳಗಿಟ್ಟವರೆಲ್ಲ ಸೋಮವಾರ ಬರುತ್ತಾರೆ. ಸೆಲ್ಟಿಕ್ ಮತ್ತು ರೇಂಜರ್ಸ್ ಎಂಬ ಇಲ್ಲಿಯ ಎರಡು ಫುಟ್‌ಬಾಲ್ ತಂಡಗಳ ಮ್ಯಾಚ್ ಇದ್ದ ವಾರವಂತೂ ಕೇಳಬೇಡಿ. ಕೆಳಗಿನ ಸೆಲ್ಲಿನಲ್ಲಿ ಗಾಜಿನ ಆಚೆ ಕೂತವನ ಜೊತೆ ಹತ್ತು ನಿಮಿಷ ಮಾತಾಡಿ, ಮೇಲೆ ಬಂದು ಜಾಮೀನು ಕೇಳಬೇಕು. ಮತ್ತೆ ಇಳಿದು ಮುಂದಿನವನು. ಹೆಸರು ಕರೆಯುವವರೆಗೆ ಕಾಯುವುದು, ಕರೆಯದೆ ಮಧ್ಯಾಹ್ನವಾಗುವುದು, ಎಲ್ಲ ಸಾಗರದ ಹಾಗೇ. ಚಹಾ ಮಾತ್ರ ಅಲ್ಲಿಯದ್ದೇ ಚೆನ್ನಾಗಿತ್ತು.

ರಾತ್ರಿ ಫೋನು ಬರುವುದೂ ಇದೆ. 2010ರವರೆಗೆ ಇಲ್ಲಿಯ ಪೊಲೀಸರು ಒಬ್ಬನನ್ನು ವಕೀಲರಿಲ್ಲದೆ ಆರು ಗಂಟೆ ಕೂರಿಸಿ ಪ್ರಶ್ನೆ ಕೇಳಬಹುದಿತ್ತು. ನಾನು ಬಂದ ವರ್ಷವೇ ಅಕ್ಟೋಬರಿನಲ್ಲಿ ಲಂಡನ್ನಿನ ಸುಪ್ರೀಂ ಕೋರ್ಟು ಕ್ಯಾಡರ್ ಕೇಸಿನಲ್ಲಿ ಅದು ತಪ್ಪು ಅಂದಿತು. ಈಗ ವಕೀಲರ ಸಲಹೆ ಹಕ್ಕು. ಆ ಹಕ್ಕು ರಾತ್ರಿ ಎರಡಕ್ಕೆ ಯಾರದ್ದೋ ದಿಂಬಿನ ಪಕ್ಕ ರಿಂಗ್ ಆಗುತ್ತದೆ.

ನಾನು ಸೇರಿದಾಗ ನಮ್ಮ ಕಚೇರಿಯಲ್ಲಿ ಕ್ರಿಮಿನಲ್ ಕೆಲಸಕ್ಕೆ ಐದು ಜನ ಇದ್ದೆವು. ಈಗ ಇಬ್ಬರು. ಒಬ್ಬರು ನಿವೃತ್ತರಾದರು. ಇಬ್ಬರು ಸರ್ಕಾರಿ ವಕೀಲರ ಇಲಾಖೆ ಸೇರಿದರು, ಸಂಬಳ, ರಜೆ, ಪಿಂಚಣಿ ಎಲ್ಲ ಅಲ್ಲಿದೆ. ಅವರನ್ನು ದೂರುವುದು ಹೇಗೆ? ಹೈಲ್ಯಾಂಡ್ಸ್ ಕಡೆ, ದ್ವೀಪಗಳ ಕಡೆ ಸರ್ಕಾರಿ ನೆರವಿನ ಕೇಸು ಹಿಡಿಯುವ ವಕೀಲರನ್ನು ಹುಡುಕಲು ಜನ ಊರೂರು ಫೋನು ಮಾಡುತ್ತಾರೆ. ತೀರ್ಪು ಎರಡಿರಲಿ ಮೂರಿರಲಿ, ಜ್ಯೂರಿಯಲ್ಲಿ ಎಂಟು ಜನ ಬೇಕೋ ಹತ್ತು ಜನ ಬೇಕೋ ಅಂತ ಸ್ಕಾಟ್ಲೆಂಡಿನ ಈಗಿನ ಪಾರ್ಲಿಮೆಂಟು ವರ್ಷಗಟ್ಟಲೆ ಚರ್ಚೆ ಮಾಡಿತು. ಆರೋಪಿಯ ಪಕ್ಕ ನಿಲ್ಲುವ ಆ ಒಬ್ಬರು ಎಲ್ಲಿಂದ ಬರಬೇಕು ಅನ್ನುವುದಕ್ಕೆ ಅಷ್ಟು ಹೊತ್ತು ಕೊಟ್ಟಿದ್ದು ನನಗೆ ಕಾಣಲಿಲ್ಲ.

ಮಗಳು ಡಂಡೀಯಲ್ಲಿ ಕಾನೂನು ಓದುತ್ತಿದ್ದಾಳೆ. ಕಂಪನಿ ಕಾನೂನು ಬೇಡ, ಕ್ರಿಮಿನಲ್ ವಕೀಲಳೇ ಆಗುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನೀವಾದರೂ ಬುದ್ಧಿ ಹೇಳಿ.
ತಾಯಿ, ಉಡುಪಿ

ಅಕ್ಕ, ಇದನ್ನು ಕೇಳಲು ನೀವು ತಪ್ಪು ಮನೆಗೆ ಬಂದಿದ್ದೀರಿ. ಬೇಡ ಅಂತ ನಾನು ಹೇಳಲಾರೆ. ಹಾಗಂತ ಸುಮ್ನೆ ಬೆನ್ನು ತಟ್ಟಿ ಕಳಿಸುವುದೂ ಸರಿಯಲ್ಲ. ಟ್ರೇನಿಶಿಪ್ ಒಪ್ಪಿಕೊಳ್ಳುವ ಮೊದಲು ಅವಳು ಆ ಕಚೇರಿಯವರನ್ನು ಮೂರು ಮಾತು ಕೇಳಲಿ. ರಾತ್ರಿ ಪೊಲೀಸ್ ಠಾಣೆಯ ಫೋನು ವಾರಕ್ಕೆ ಎಷ್ಟು ಸಲ ನನ್ನ ಪಾಲಿಗೆ? ಮರುದಿನ ಬೆಳಿಗ್ಗೆ ತಡವಾಗಿ ಬರಬಹುದಾ? ಕೆಟ್ಟ ಫೋಟೋ, ಕೆಟ್ಟ ವಿಡಿಯೋ ಇರುವ ಫೈಲು ನೋಡಿದ ದಿನ ಯಾರ ಹತ್ತಿರ ಮಾತಾಡಬೇಕು? ಮೂರನೆಯದಕ್ಕೆ ಉತ್ತರ ಇಲ್ಲದ ಕಚೇರಿ ಬೇಡ. ನನ್ನ ಕಾಲದಲ್ಲಿ ಅದನ್ನು ಕೇಳಬಹುದು ಅಂತಲೇ ನನಗೆ ಗೊತ್ತಿರಲಿಲ್ಲ.

ನನ್ನ ವಿಳಾಸ ಸಂಪಾದಕರ ಹತ್ತಿರ ಇದೆ. ಡಂಡೀಯಿಂದ ಗ್ಲಾಸ್ಗೋಗೆ ರೈಲಿದೆ. ಭಾನುವಾರ ಸಂಜೆಯೇ ಬರಲಿ, ನಮ್ಮಲ್ಲೇ ಉಳಿದುಕೊಳ್ಳಲಿ, ಊಟಕ್ಕೆ ಸಾರು ಅನ್ನ ಇರುತ್ತದೆ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಜೊತೆ ಕೋರ್ಟಿಗೆ ಬರಲಿ. ಹೀಲ್ಸ್ ಬೇಡ ಅಂತ ಹೇಳಿ. ಸೆಲ್ಲಿಗೆ ಇಳಿದು ಹತ್ತುವುದೇ ದಿನಕ್ಕೆ ಇಪ್ಪತ್ತು ಸಲ ಆಗುತ್ತದೆ.